ಆಕಾಶದಲ್ಲಿ ಯಾರ ಮಾತು ಕೇಳಬೇಕು?

ದಿಲ್ಲಿಯ ವಸಂತ ಕುಂಜ್‌ನಲ್ಲಿ ಮನೆ ಮಾಡಿದವರಿಗೆ ವಿಮಾನದ ಸದ್ದು ಪಕ್ಕದ ಮನೆಯ ಮಿಕ್ಸಿ ಸದ್ದಿನಷ್ಟೇ ಮಾಮೂಲು. ಊರಿನಿಂದ ಬಂದ ನೆಂಟರು ಮಾತ್ರ ಮೊದಲೆರಡು ದಿನ ಮಾತು ನಿಲ್ಲಿಸಿ ಮೇಲೆ ನೋಡುತ್ತಾರೆ. ಗಾಳಿ ಪಶ್ಚಿಮದಿಂದ ಬೀಸುವ ಸಂಜೆ ತಾರಸಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಒಂದರ ಹಿಂದೊಂದು ದೀಪ ಕಾಣುತ್ತದೆ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು, ಅದರಾಚೆ ಮಗದೊಂದು, ಹೊಸಿಲ ಮೇಲೆ ಅಳತೆ ಹಿಡಿದು ಇಟ್ಟ ಹಣತೆಗಳ ಹಾಗೆ. ಅದೇ ಹೊತ್ತಿಗೆ ಮಹಿಪಾಲಪುರದ ಆಚೆಯಿಂದ ಬೇರೆ ವಿಮಾನಗಳು ಏರುತ್ತಿರುತ್ತವೆ. ಬರುವವರ ದಾರಿ ಬೇರೆ, ಹೋಗುವವರ ದಾರಿ ಬೇರೆ.

1996ರಲ್ಲಿ ಹಾಗಿರಲಿಲ್ಲ. ದಿಲ್ಲಿಯ ಸುತ್ತಲಿನ ಆಕಾಶದ ಬಹುಪಾಲು ವಾಯುಪಡೆಯ ಹಿಡಿತದಲ್ಲಿತ್ತು. ನಾಗರಿಕ ವಿಮಾನಗಳಿಗೆ ಉಳಿದದ್ದು ಓಣಿಯಂಥ ಒಂದು ದಾರಿ. ಬರುವವರೂ ಅದರಲ್ಲೇ, ಹೋಗುವವರೂ ಅದರಲ್ಲೇ. ಎದುರುಬದುರಾಗುವ ಎರಡು ವಿಮಾನಗಳ ನಡುವೆ ಇರುತ್ತಿದ್ದುದು ಎತ್ತರದ ಅಂತರ ಮಾತ್ರ: 1,000 ಅಡಿ. ಮೀಟರಿನಲ್ಲಿ ಹೇಳಿದರೆ ಮುನ್ನೂರೈದು.

ಆ ವರ್ಷದ ನವೆಂಬರ್ 12, ಮಂಗಳವಾರ. ದೀಪಾವಳಿ ಅಮಾವಾಸ್ಯೆ ಕಳೆದು ಇನ್ನೂ ಎರಡೇ ದಿನ, ಆಕಾಶದಲ್ಲಿ ಬೆಳಕಿಲ್ಲ. ಸಂಜೆ ಆರೂವರೆಯ ಸುಮಾರಿಗೆ ಸೌದಿಯಾ ಸಂಸ್ಥೆಯ ಬೋಯಿಂಗ್ 747 ದಿಲ್ಲಿಯಿಂದ ಧಹ್ರಾನ್‌ ಕಡೆಗೆ ಹೊರಟಿತು. ಒಳಗೆ 312 ಜನ. ಅವರಲ್ಲಿ ಹೆಚ್ಚಿನವರು ಕೊಲ್ಲಿಗೆ ಕೂಲಿ ಕೆಲಸಕ್ಕೆ ಹೊರಟಿದ್ದ ನಮ್ಮ ದೇಶದವರು. ಎದುರಿನಿಂದ ಕಝಾಕಿಸ್ತಾನದ ಶಿಮ್ಕೆಂಟ್‌ನಿಂದ ಇಲ್ಯೂಷಿನ್ 76 ಬರುತ್ತಿತ್ತು. ಅದರಲ್ಲಿ 37 ಜನ. ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದವರು ವಿ.ಕೆ. ದತ್ತಾ. ಅವರು ಏರುವ ವಿಮಾನಕ್ಕೆ 14,000 ಅಡಿಯಲ್ಲಿ ನಿಲ್ಲಲು ಹೇಳಿದರು, ಇಳಿಯುವ ವಿಮಾನಕ್ಕೆ 15,000 ಅಡಿಯವರೆಗೆ ಬರಲು ಹೇಳಿದರು. 15,000ಕ್ಕೆ ಬಂದೆವು ಎಂದು ಕಝಾಕ್ ವಿಮಾನದಿಂದ ಉತ್ತರ ಬಂತು. ಎದುರಿಗೆ ಸೌದಿ ವಿಮಾನವಿದೆ, ಕಂಡರೆ ತಿಳಿಸಿ ಎಂದು ದತ್ತಾ ಎಚ್ಚರಿಸಿದರು. ಎಷ್ಟು ಮೈಲಿ ದೂರ ಎಂದು ಅತ್ತಲಿಂದ ಕೇಳಿದರು. ಹದಿನಾಲ್ಕು ಎಂದರು. ಆಮೇಲೆ ಹದಿಮೂರು ಎಂದರು.

ದತ್ತಾ ಅವರ ಮುಂದಿದ್ದದ್ದು ಹಳೆಯ ಪ್ರಾಥಮಿಕ ರಾಡಾರ್. ಅದರ ಪರದೆಯ ಮೇಲೆ ವಿಮಾನ ಎಂದರೆ ಒಂದು ಚುಕ್ಕೆ. ಚುಕ್ಕೆ ಎಲ್ಲಿದೆ ಎನ್ನುವುದು ಕಾಣುತ್ತದೆ, ಎಷ್ಟು ಎತ್ತರದಲ್ಲಿದೆ ಎನ್ನುವುದು ಕಾಣುವುದಿಲ್ಲ. ಎತ್ತರ ತಿಳಿಯಲು ಪೈಲಟ್‌ನನ್ನೇ ಕೇಳಬೇಕು, ಅವನು ಹೇಳಿದ್ದನ್ನು ನಂಬಬೇಕು. ಎತ್ತರವನ್ನೂ ತೋರಿಸುವ ಹೊಸ ರಾಡಾರ್‌ ದಿಲ್ಲಿಗೆ ಬಂದಿತ್ತು, ಆದರೆ ಇನ್ನೂ ಬಳಕೆಗೆ ಬಂದಿರಲಿಲ್ಲ. ನಮ್ಮಲ್ಲಿ ಎಷ್ಟೋ ಯಂತ್ರಗಳ ಜಾತಕವೇ ಹೀಗೆ, ಬಂದಿರುತ್ತವೆ, ಶುರುವಾಗಿರುವುದಿಲ್ಲ.

ಹದಿಮೂರು ಮೈಲಿಯ ಮಾತಾದ ಸ್ವಲ್ಪ ಹೊತ್ತಿಗೆ ಎರಡು ಚುಕ್ಕೆಗಳು ಒಂದಾದವು. ಮತ್ತೆ ಬೇರೆಯಾಗಲಿಲ್ಲ.

ಹತ್ತಿರದಲ್ಲಿ ಹಾರುತ್ತಿದ್ದ ಅಮೆರಿಕದ ವಾಯುಪಡೆಯ ಸರಕು ವಿಮಾನದವರು ಮೋಡದೊಳಗೆ ಕಿತ್ತಳೆ ಬಣ್ಣದ ಬೆಳಕು ಹೊತ್ತಿಕೊಂಡದ್ದನ್ನು ಕಂಡು ತಿಳಿಸಿದರು. ಕೆಳಗೆ ಹರಿಯಾಣದ ಚರ್ಖಿ ದಾದ್ರಿ ಸೀಮೆಯ ಹೊಲಗಳು. ಸೌದಿ ವಿಮಾನ ಢಾಣಿ ಗ್ರಾಮದ ಬಳಿ, ಕಝಾಕ್ ವಿಮಾನ ಬಿರೋಹರ್ ಬಳಿ ಬಿತ್ತು. 349 ಜನರಲ್ಲಿ ಯಾರೂ ಉಳಿಯಲಿಲ್ಲ. ಗಾಳಿಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ ಇಷ್ಟು ಜನ ಸತ್ತದ್ದು ಜಗತ್ತಿನಲ್ಲಿ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಆಗ ಭಿವಾನಿ ಜಿಲ್ಲೆಯ ಒಂದು ಸಣ್ಣ ಪಟ್ಟಣವಾಗಿದ್ದ ಚರ್ಖಿ ದಾದ್ರಿ ಈಗ ಸ್ವತಃ ಒಂದು ಜಿಲ್ಲೆ, ರಾಷ್ಟ್ರ ರಾಜಧಾನಿ ವಲಯದ ಭಾಗ. ವಿಮಾನ ಸುರಕ್ಷತೆ ಕಲಿಸುವ ಕಡೆಗಳಲ್ಲೆಲ್ಲ ಅದರ ಹೆಸರು ಗೊತ್ತು.

ತನಿಖೆಯನ್ನು ದಿಲ್ಲಿ ಹೈಕೋರ್ಟ್‌ನ ನ್ಯಾಯಮೂರ್ತಿ ಆರ್.ಸಿ. ಲಹೋಟಿ ನಡೆಸಿದರು, ಮುಂದೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯೂ ಆದರು. ಕಝಾಕ್ ವಿಮಾನ ತನಗೆ ಕೊಟ್ಟ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿದದ್ದೇ ಕಾರಣ ಎಂದು ವರದಿ ಹೇಳಿತು. ಯಾಕೆ ಇಳಿಯಿತು ಎಂಬುದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಕಾಕ್‌ಪಿಟ್‌ನಲ್ಲಿ ಐದು ಜನರಿದ್ದರು. ನಿಯಂತ್ರಕರ ಜತೆ ಇಂಗ್ಲಿಷಿನಲ್ಲಿ ಮಾತಾಡುವ ಕೆಲಸ ರೇಡಿಯೊ ಆಪರೇಟರ್‌ನದು, ವಿಮಾನ ಹಾರಿಸುವ ಕೆಲಸ ಬೇರೆಯವರದು. ರೇಡಿಯೊದವನ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲ. ಮುಂದಿನವರ ಹೆಗಲ ಮೇಲಿಂದ ಇಣುಕಬೇಕು. ಅವರ ದೇಶದ ಆಗಿನ ರೂಢಿ ಮೀಟರ್ ಲೆಕ್ಕದ್ದು, ನಮ್ಮದು ಅಡಿ ಲೆಕ್ಕದ್ದು. 14,000 ಎಂಬುದು ಎದುರಿನ ವಿಮಾನದ ಎತ್ತರವೋ ತಮಗೆ ಕೊಟ್ಟ ಎತ್ತರವೋ ಎಂಬ ಗೊಂದಲವೂ ಆಗಿರಬಹುದು. ಕೊನೆ ಗಳಿಗೆಯಲ್ಲಿ ರೇಡಿಯೊದವನಿಗೆ ತಾವು ತೀರ ಕೆಳಗಿದ್ದೇವೆ ಎಂದು ಹೊಳೆಯಿತು, ಏರಿ ಎಂದು ಕೂಗಿದ. ವಿಮಾನ ಏರತೊಡಗಿತು. ಅದರ ಬಾಲ ಸೌದಿ ವಿಮಾನದ ರೆಕ್ಕೆಯನ್ನು ಕತ್ತರಿಸಿತು. ಆತ ಕೂಗದಿದ್ದರೆ ಇವರು ಅವರ ಹೊಟ್ಟೆಯ ಕೆಳಗೆ ಹಾದುಹೋಗುತ್ತಿದ್ದರು ಎನ್ನುತ್ತಾರೆ ಲೆಕ್ಕ ಹಾಕಿದವರು.

ಈ ಕೂಗನ್ನು ಮನುಷ್ಯನ ಬದಲು ಯಂತ್ರ ಕೂಗಿದ್ದರೆ? ಅಂಥ ಯಂತ್ರ ಆಗಲೇ ಇತ್ತು. ಎರಡೂ ವಿಮಾನಗಳಲ್ಲಿ ಇರಲಿಲ್ಲ, ಅಷ್ಟೇ.

ಅದರ ಹೆಸರು ಟಿಕ್ಯಾಸ್. ಮೂಲ 1956ರಷ್ಟು ಹಳೆಯದು. ಆ ವರ್ಷ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 128 ಜನ ಸತ್ತರು. ಆಗ ಅಲ್ಲಿ ವಿಮಾನಗಳು ಬಹಳ ಕಡೆ ಪರಸ್ಪರ ಕಣ್ಣಳತೆಯ ಮೇಲೇ ಹಾರುತ್ತಿದ್ದವು. ಕಣ್ಣು ಸಾಲದು ಎಂದು ಗೊತ್ತಾದ ಮೇಲೆ ಪ್ರಶ್ನೆ ಎದ್ದಿತು: ಯಂತ್ರಕ್ಕೆ ಏನನ್ನು ಅಳೆಯಲು ಹೇಳುವುದು? ಬೆಂಡಿಕ್ಸ್ ಕಂಪನಿಯ ಜೆ.ಎಸ್. ಮೊರೆಲ್ ಎಂಬ ವಿಜ್ಞಾನಿಯ ಉತ್ತರ ಸರಳವಾಗಿತ್ತು: ದೂರವನ್ನಲ್ಲ, ಸಮಯವನ್ನು. ರಿಂಗ್ ರೋಡ್ ದಾಟಲು ನಿಂತವರು ಬಸ್ಸು ಎಷ್ಟು ಮೀಟರ್ ದೂರದಲ್ಲಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ನಾನು ದಾಟುವಷ್ಟರಲ್ಲಿ ಅದು ಬರುತ್ತದೋ ಇಲ್ಲವೋ ಎಂದಷ್ಟೇ ನೋಡುತ್ತೇವೆ. ಯಂತ್ರ ಮಾಡುವುದೂ ಅದನ್ನೇ. ಎದುರು ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ರೇಡಿಯೊ ಉಪಕರಣಕ್ಕೆ ಪ್ರಶ್ನೆ ಕಳಿಸುತ್ತದೆ, ಉತ್ತರ ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ, ದೂರ ಎಷ್ಟು ಬೇಗ ಕರಗುತ್ತಿದೆ ಎಂಬುದರಿಂದ ಇನ್ನೆಷ್ಟು ಸೆಕೆಂಡು ಉಳಿದಿದೆ ಎಂದು ಲೆಕ್ಕ ಹಾಕುತ್ತದೆ. ಎರಡು ವಿಮಾನಗಳು ಗಂಟೆಗೆ 700 ಕಿ.ಮೀ. ವೇಗದಲ್ಲಿ ಎದುರುಬದುರಾದರೆ ನಡುವಿನ ದೂರ ಸೆಕೆಂಡಿಗೆ ಸುಮಾರು 390 ಮೀಟರಿನಂತೆ ಕಳೆಯುತ್ತದೆ. ಹಾಗಾಗಿ ಮೊದಲು ‘ಟ್ರಾಫಿಕ್, ಟ್ರಾಫಿಕ್’ ಎಂದು ಎಚ್ಚರಿಕೆ. ಇನ್ನೂ ಹತ್ತಿರವಾದರೆ, ಡಿಕ್ಕಿಗೆ 15ರಿಂದ 35 ಸೆಕೆಂಡು ಇರುವಾಗ, ಆಜ್ಞೆ. ಎರಡೂ ಯಂತ್ರಗಳು ತಮ್ಮೊಳಗೇ ಮಾತಾಡಿಕೊಂಡು ಒಂದಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಎನ್ನುತ್ತವೆ.

ಕಲ್ಪನೆಗೂ ಕಾನೂನಿಗೂ ನಡುವೆ ಮೂವತ್ತು ವರ್ಷ ಹಿಡಿಯಿತು. 1978ರಲ್ಲಿ ಸ್ಯಾನ್ ಡಿಯೇಗೊದಲ್ಲಿ 144 ಜನ, 1986ರಲ್ಲಿ ಲಾಸ್ ಏಂಜಲಿಸ್ ಬಳಿಯ ಸೆರಿಟೋಸ್‌ನಲ್ಲಿ 82 ಜನ ಸತ್ತ ಮೇಲೆ ಅಮೆರಿಕದ ಸಂಸತ್ತು ಎಚ್ಚೆತ್ತಿತು. 1993ರ ಕೊನೆಗೆ ಅಲ್ಲಿ 30ಕ್ಕಿಂತ ಹೆಚ್ಚು ಆಸನಗಳ ವಿಮಾನಗಳಿಗೆಲ್ಲ ಈ ಯಂತ್ರ ಕಡ್ಡಾಯವಾಯಿತು. ಉಳಿದ ಜಗತ್ತು ನೋಡುತ್ತಾ ಕೂತಿತ್ತು. ಚರ್ಖಿ ದಾದ್ರಿಯ ಬಳಿಕ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಮ್ಮ ಆಕಾಶಕ್ಕೆ ಬರುವ ಹೋಗುವ ದೊಡ್ಡ ವಿಮಾನಗಳಿಗೆ ಟಿಕ್ಯಾಸ್ ಬೇಕೇ ಬೇಕು ಎಂದಿತು. ಮುಂದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2003ರ ಜನವರಿ 1ರಿಂದ ಎಲ್ಲ ದೇಶಗಳ ದೊಡ್ಡ ವಿಮಾನಗಳಿಗೆ, 2005ರಿಂದ ಇನ್ನೂ ಚಿಕ್ಕವಕ್ಕೆ ಅದನ್ನು ವಿಸ್ತರಿಸಿತು. ದಿಲ್ಲಿಯ ಓಣಿಯೂ ಬದಲಾಯಿತು: ಬರುವ ದಾರಿ, ಹೋಗುವ ದಾರಿ ಬೇರೆ ಬೇರೆಯಾದವು, ಎತ್ತರ ತೋರಿಸುವ ರಾಡಾರ್ ಕೆಲಸ ಶುರುಮಾಡಿತು. ನನ್ನ ಮಟ್ಟಿಗೆ ಇದರಲ್ಲಿ ದೊಡ್ಡ ಬದಲಾವಣೆ ಯಂತ್ರದ್ದಲ್ಲ, ಈ ಎರಡು ದಾರಿಯದ್ದು. ಯಂತ್ರ ಅಮೆರಿಕದ್ದು, ಕೊಂಡರೆ ಸಿಗುತ್ತದೆ. ಆಕಾಶದಲ್ಲಿ ಸ್ವಲ್ಪ ಜಾಗ ಬಿಡಿ ಎಂದು ವಾಯುಪಡೆಯನ್ನು ಒಪ್ಪಿಸುವುದು ದಿಲ್ಲಿಯವರೇ ಮಾಡಬೇಕಾಗಿದ್ದ ಕೆಲಸ.

ಆದರೆ ಕಾಕ್‌ಪಿಟ್‌ಗೆ ಎರಡನೆಯ ಧ್ವನಿ ಬಂದ ಮೇಲೆ ಹೊಸದೊಂದು ತೊಡಕು ಹುಟ್ಟಿತು. ನೆಲದಿಂದ ಮನುಷ್ಯ ಒಂದು ಹೇಳಿ, ಪಕ್ಕದಲ್ಲಿ ಯಂತ್ರ ಇನ್ನೊಂದು ಹೇಳಿದರೆ? 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಆದದ್ದು ಅದೇ. ಮಾಸ್ಕೊದಿಂದ ಬಾರ್ಸಿಲೋನಾಕ್ಕೆ ಹೊರಟ ಟುಪೊಲೆವ್ ವಿಮಾನದಲ್ಲಿ ಪ್ರವಾಸ ಹೊರಟ ಶಾಲಾ ಮಕ್ಕಳಿದ್ದರು. ಎದುರಿಗೆ ಸರಕು ಸಾಗಿಸುವ ಬೋಯಿಂಗ್ 757. ಎರಡರಲ್ಲೂ ಟಿಕ್ಯಾಸ್ ಇತ್ತು, ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಜ್ಯೂರಿಕ್‌ನ ನಿಯಂತ್ರಣ ಕೇಂದ್ರದಲ್ಲಿ ಆ ಹೊತ್ತಿಗೆ ಒಬ್ಬನೇ ಎರಡು ಪರದೆ ನೋಡುತ್ತಿದ್ದ. ದುರಸ್ತಿಗೆಂದು ಫೋನ್ ಮಾರ್ಗವೂ ನಿಂತಿತ್ತು. ಅವನು ರಷ್ಯನ್ ಪೈಲಟ್‌ಗಳಿಗೆ ಇಳಿಯಿರಿ ಎಂದ. ಅವರ ಯಂತ್ರ ಏರಿ ಎಂದಿತು. ಅವರು ಮನುಷ್ಯನ ಮಾತು ಕೇಳಿದರು. ಎದುರಿನವರು ತಮ್ಮ ಯಂತ್ರದ ಮಾತು ಕೇಳಿ ಇಳಿಯುತ್ತಿದ್ದರು. 71 ಜನ ಸತ್ತರು, ಅವರಲ್ಲಿ 52 ಮಕ್ಕಳು.

ಅದಕ್ಕೆ ಮೊದಲು ನಿಯಮದ ಪುಸ್ತಕಗಳು ಈ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದವು. ಆಮೇಲೆ ಒಂದೇ ಮಾತು: ಟಿಕ್ಯಾಸ್ ಆಜ್ಞೆ ಕೊಟ್ಟರೆ ಅದನ್ನೇ ಪಾಲಿಸಬೇಕು, ನಿಯಂತ್ರಕ ಏನೇ ಹೇಳಲಿ. ಪೈಲಟ್ ‘ಟಿಕ್ಯಾಸ್ ಆರ್‌ಎ’ ಎಂದು, ಅಂದರೆ ಯಂತ್ರ ಆಜ್ಞೆ ಕೊಟ್ಟಿದೆ ಎಂದು, ರೇಡಿಯೊದಲ್ಲಿ ಹೇಳಿದ ಕ್ಷಣದಿಂದ, ಅಪಾಯ ಕಳೆಯಿತು ಎಂದು ತಿಳಿಸುವವರೆಗೂ ನೆಲದವರು ಆ ವಿಮಾನಕ್ಕೆ ದಾರಿ ಹೇಳುವಂತಿಲ್ಲ.

ಇಂಥ ಸಣ್ಣ ಸಣ್ಣ ತೀರ್ಮಾನಗಳು ಕೂಡಿಯೇ ಸಾವಿನ ಅಂಕಿ ಬದಲಾದದ್ದು. ಅಮೆರಿಕದ ಎಂಐಟಿಯ ಪ್ರೊಫೆಸರ್ ಆರ್ನಲ್ಡ್ ಬಾರ್ನೆಟ್ ಹಾಕಿದ ಲೆಕ್ಕದಂತೆ 1968–77ರ ದಶಕದಲ್ಲಿ ಜಗತ್ತಿನಲ್ಲಿ ವಿಮಾನ ಹತ್ತಿದ ಪ್ರತಿ 3.5 ಲಕ್ಷ ಸಲಕ್ಕೆ ಒಂದು ಸಾವು. 2018–22ರಲ್ಲಿ 1.37 ಕೋಟಿ ಸಲಕ್ಕೆ ಒಂದು. ಆ ಹಳೆಯ ದಶಕ ದಿಲ್ಲಿಗೂ ಕೆಟ್ಟದಾಗಿತ್ತು: 1972ರ ಜೂನ್‌ನಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಯಮುನೆಯ ದಡದಲ್ಲಿ ಬಿತ್ತು, ಮರುವರ್ಷ ಮೇ ತಿಂಗಳಲ್ಲಿ ಪಾಲಂ ಬಳಿ ಬಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನದಲ್ಲಿ ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ ತೀರಿಕೊಂಡರು. ಇಂದಿನ ಇಳಿಮುಖದ ಅಂಕಿಯನ್ನು ಹೇಳಿದರೆ 2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತವನ್ನು ಕಂಡವರು ಮುಖ ತಿರುಗಿಸುತ್ತಾರೆ. ಅವರಿಗೆ ಎದುರಾಡುವ ಧೈರ್ಯ ನನಗಿಲ್ಲ.

ಯಂತ್ರದ ಮಾತಿಗೂ ಒಂದು ಗಡಿ ಇದೆ. ನೆಲಕ್ಕೆ ಸುಮಾರು ಸಾವಿರ ಅಡಿಗಿಂತ ಹತ್ತಿರ ಬಂದರೆ ಅದು ಏರು, ಇಳಿ ಎನ್ನುವುದಿಲ್ಲ. ಇಳಿ ಎಂದರೆ ಇಳಿಯುವುದು ಎಲ್ಲಿಗೆ? 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನೆಯ ಹೆಲಿಕಾಪ್ಟರ್‌ಗೂ ಪ್ರಯಾಣಿಕ ವಿಮಾನಕ್ಕೂ ಡಿಕ್ಕಿಯಾದದ್ದು ಮುನ್ನೂರು ಅಡಿಯ ಆಸುಪಾಸಿನಲ್ಲಿ. ‘ಟ್ರಾಫಿಕ್’ ಎಂದು ಎಚ್ಚರಿಸಿದ ಯಂತ್ರ ಅದಕ್ಕಿಂತ ಮುಂದೆ ಏನೂ ಹೇಳಲಿಲ್ಲ. 67 ಜನ ಸತ್ತರು.

ಅಷ್ಟು ಕೆಳಗೆ ಉಳಿಯುವುದು ನಿಯಂತ್ರಕನ ಮಾತೇ. ಅದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. 2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಉತ್ತರ ರನ್‌ವೇಯೊಂದನ್ನೇ ಬಳಸೋಣ, ದಕ್ಷಿಣದ್ದನ್ನು ನಿಲ್ಲಿಸೋಣ ಎಂದು ನಿಯಂತ್ರಣ ಗೋಪುರದಲ್ಲಿ ತೀರ್ಮಾನವಾಯಿತು. ದಕ್ಷಿಣದ ರನ್‌ವೇ ನೋಡಿಕೊಳ್ಳುವವರಿಗೆ ಅದು ತಿಳಿಯಲಿಲ್ಲ. ಕೋಲ್ಕತ್ತಕ್ಕೆ ಹೊರಟ ಇಂಡಿಗೋ ವಿಮಾನವೂ ಭುವನೇಶ್ವರಕ್ಕೆ ಹೊರಟ ಇಂಡಿಗೋ ವಿಮಾನವೂ ಅಕ್ಕಪಕ್ಕದ ಎರಡು ರನ್‌ವೇಗಳಿಂದ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಎದ್ದವು. ಎದ್ದ ಮೇಲೆ ಒಂದರತ್ತ ಒಂದು ವಾಲತೊಡಗಿದವು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನ. ಪರದೆ ನೋಡುತ್ತಿದ್ದ ರಾಡಾರ್ ನಿಯಂತ್ರಕರ ಕಣ್ಣಿಗೆ ಬಿತ್ತು; ಇಬ್ಬರಿಗೂ ದಿಕ್ಕು ಬದಲಿಸಲು ಹೇಳಿದರು. ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ.

ಸುದ್ದಿ ಹೊರಬಿದ್ದದ್ದು ಹತ್ತಾರು ದಿನಗಳ ಮೇಲೆ. ಡಿಜಿಸಿಎ ಕೆದಕಿದಾಗ, ಆ ಬೆಳಗಿನ ಲಾಗ್‌ಬುಕ್‌ನಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ.