ಕರುಳಿನಲ್ಲಿ ಅಡಗಿ ಕೂತ ಹುಳು

ಹೊಟ್ಟೆನೋವು, ದಿನಕ್ಕೆ ಎಂಟು ಹತ್ತು ಸಲ ಭೇದಿ, ಮಲದಲ್ಲಿ ರಕ್ತ. ವಾರಗಟ್ಟಲೆ ಹೀಗೇ ಕಾಡಿದರೆ ವೈದ್ಯರಿಗೆ ಬರುವ ಅನುಮಾನಗಳಲ್ಲಿ ‘ಅಲ್ಸರೇಟಿವ್ ಕೊಲೈಟಿಸ್’ ಕೂಡ ಒಂದು. ಇದು ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಕಾಯಿಲೆ. ಉಲ್ಬಣಿಸಿದಾಗ ಸ್ಟೀರಾಯ್ಡ್ ಕೊಡುತ್ತಾರೆ. ಬಹಳಷ್ಟು ಮಂದಿಗೆ ಗುಣ ಕಾಣುತ್ತದೆ. ಆದರೆ ಅಪರೂಪಕ್ಕೊಮ್ಮೆ ಆ ಮದ್ದೇ ಮುಳುವಾಗುವುದುಂಟು. ಕಾರಣ, ಎರಡು ಮಿಲಿಮೀಟರ್ ಉದ್ದದ, ಕೂದಲಿಗಿಂತ ತೆಳ್ಳಗಿನ ಒಂದು ಹುಳು. ಹೆಸರು ಸ್ಟ್ರಾಂಜಿಲಾಯ್ಡಿಸ್.

ಈಗಿನ ವಿಯೆಟ್ನಾಂನಿಂದ ಭೇದಿ ಹತ್ತಿಸಿಕೊಂಡು ಮರಳಿದ ಫ್ರೆಂಚ್ ಸೈನಿಕರಲ್ಲಿ 1876ರಲ್ಲಿ ಇದು ಮೊದಲು ಪತ್ತೆಯಾಯಿತು. ಒದ್ದೆ ಮಣ್ಣಿನಲ್ಲಿರುವ ಇದರ ಮರಿ, ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರುತ್ತದೆ. ರಕ್ತದ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಕೊನೆಗೆ ಸಣ್ಣ ಕರುಳಿಗೆ ಇಳಿಯುತ್ತದೆ. ಕರುಳಿನ ಬಹುತೇಕ ಹುಳುಗಳ ಮೊಟ್ಟೆ ದೇಹದಿಂದ ಹೊರಬಿದ್ದೇ ಬೆಳೆಯಬೇಕು. ಇದರ ಮೊಟ್ಟೆಯಾದರೋ ಕರುಳಿನಲ್ಲೇ ಒಡೆಯುತ್ತದೆ. ಕೆಲವು ಮರಿಗಳು ಅದೇ ದೇಹವನ್ನು ಮತ್ತೆ ಹೊಕ್ಕುತ್ತವೆ. ಹೀಗಾಗಿ ಒಮ್ಮೆ ಬಂದ ಸೋಂಕು ಬಾಳಿನುದ್ದಕ್ಕೂ ಉಳಿಯಬಹುದು. ಎರಡನೇ ಮಹಾಯುದ್ಧದಲ್ಲಿ ಸಯಾಂ-ಬರ್ಮಾ ರೈಲುಹಾದಿಗೆ ದುಡಿದ ಯುದ್ಧಕೈದಿಗಳಲ್ಲಿ ದಶಕಗಳ ನಂತರವೂ ಈ ಹುಳು ಸಿಕ್ಕಿತು.

ದೇಹದ ರೋಗನಿರೋಧಕ ಶಕ್ತಿ ಇದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಸ್ಟೀರಾಯ್ಡ್ ಆ ಕಾವಲನ್ನೇ ಸಡಿಲಿಸುತ್ತದೆ. ಮರಿಗಳು ಅಸಂಖ್ಯವಾಗಿ ಹೆಚ್ಚಿ ಶ್ವಾಸಕೋಶ, ಯಕೃತ್ತು, ಮಿದುಳಿಗೂ ನುಗ್ಗಬಹುದು. ಹೋಗುವಾಗ ಕರುಳಿನ ಬ್ಯಾಕ್ಟೀರಿಯಾಗಳನ್ನು ರಕ್ತಕ್ಕೆ ಒಯ್ಯುತ್ತವೆ. ಚಿಕಿತ್ಸೆ ತಡವಾದರೆ ರೋಗಿ ಉಳಿಯುವುದು ಕಷ್ಟ.

ಇನ್ನೊಂದು ತೊಡಕೂ ಇದೆ. ಈ ಹುಳುವೇ ದೊಡ್ಡ ಕರುಳಿನಲ್ಲಿ ಹುಣ್ಣು ಮಾಡಿ, ಕೊಲೈಟಿಸ್‌ನಂತೆ ಕಾಣಿಸಬಲ್ಲದು. ಆಗ ಸ್ಟೀರಾಯ್ಡ್ ಕೊಟ್ಟರೆ ರೋಗ ಕೆರಳುತ್ತದೆ. ಕೆರಳಿತೆಂದು ಪ್ರಮಾಣ ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಹೆಚ್ಚಿದ್ದರೆ ಹುಳುವಿನ ಸುಳಿವು ಸಿಗುತ್ತದೆ. ಆದರೆ ಸ್ಟೀರಾಯ್ಡ್ ಆ ಕಣಗಳನ್ನೂ ತಗ್ಗಿಸಿ ಸುಳಿವನ್ನು ಅಳಿಸಿಬಿಡುತ್ತದೆ.

ಆದ್ದರಿಂದ ಪರೀಕ್ಷೆಯನ್ನು ಸ್ಟೀರಾಯ್ಡ್‌ಗೆ ಮೊದಲೇ ಮಾಡಿಸುವುದು ಲೇಸು. ಒಂದೇ ಸಲದ ಮಲಪರೀಕ್ಷೆಯಲ್ಲಿ ಹುಳು ತಪ್ಪಿಸಿಕೊಳ್ಳಬಹುದು. ಹಲವು ಸಲ ನೋಡಬೇಕು. ರಕ್ತಪರೀಕ್ಷೆಯೂ ಇದೆ. ಪತ್ತೆಯಾದರೆ ಐವರ್‌ಮೆಕ್ಟಿನ್ ಮಾತ್ರೆ ಸಾಮಾನ್ಯವಾಗಿ ಹುಳುವನ್ನು ನಿರ್ಮೂಲ ಮಾಡುತ್ತದೆ.

ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಲ್ಲಿ ದುಡಿದವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಅದು ಇಪ್ಪತ್ತು ವರ್ಷ ಹಿಂದಿನ ಮಾತಾದರೂ ಸರಿ. ಹಾಗೆಂದು ಹೆದರಿ, ಈಗಾಗಲೇ ನುಂಗುತ್ತಿರುವ ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ. ಅದೂ ಅಪಾಯವೇ.