ಹ್ಯಾಲೊವೀನ್ ಬಾರದ ಹ್ಯಾಲೊವೀನ್ ಕಾದಂಬರಿ

ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ನನಗೆ ಸಿಕ್ಕ ರೇ ಬ್ರಾಡ್‌ಬರಿಯ ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’ ಪ್ರತಿಯಲ್ಲಿ ಇಬ್ಬರು ಓದುಗರು ಜಗಳವಾಡಿದ್ದಾರೆ. ಒಬ್ಬರದು ಪೆನ್ಸಿಲ್, ಇನ್ನೊಬ್ಬರದು ಹಸಿರು ಶಾಯಿ. ಪೆನ್ಸಿಲಿನವರೇ ಮೊದಲು ಓದಿದವರಿರಬೇಕು. ಹಸಿರು ಶಾಯಿ ಹಲವು ಕಡೆ ಅವರ ಗುರುತುಗಳನ್ನು ಕಾಟು ಹೊಡೆದು ಪಕ್ಕದಲ್ಲೇ ತನ್ನ ತೀರ್ಪು ಬರೆದಿದೆ. ಕಥೆ ಓದಲೆಂದು ಕೊಂಡ ನಾನು ಆ ರಾತ್ರಿ ಬರೀ ಅಂಚುಗಳನ್ನು ಓದಿದೆ.

ಪೆನ್ಸಿಲಿನವರಿಗೆ ತಾಳ್ಮೆ ಕಡಿಮೆ. ಕಾಪಿ ತಿದ್ದುವ ಮೇಷ್ಟ್ರಂತೆ ಉಪಮೆ ಕಂಡಲ್ಲೆಲ್ಲ ಅಡಿಗೆರೆ ಎಳೆದು, ಒಂದು ಪುಟದ ಕೆಳಗೆ ಒಟ್ಟು ಎಷ್ಟೆಂದು ಲೆಕ್ಕವನ್ನೂ ಹಾಕಿದ್ದಾರೆ. ನಾಯಕ ವಿಲ್‌ನ ಅಪ್ಪ ಚಾರ್ಲ್ಸ್ ಹ್ಯಾಲೊವೇ ಗ್ರಂಥಾಲಯದಲ್ಲಿ ಕೂತು ಒಳಿತು-ಕೆಡುಕುಗಳ ಬಗ್ಗೆ ಪುಟಗಟ್ಟಲೆ ಮಾತಾಡುವ ಜಾಗದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ. ಹಸಿರು ಶಾಯಿ ಅದೇ ಭಾಗದ ಪಕ್ಕದಲ್ಲಿ ಉದ್ದಕ್ಕೂ ಎರಡೆರಡು ಗೆರೆ ಎಳೆದು ಮೆಚ್ಚಿಕೊಂಡಿದೆ.

1962ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ಓದುಗರು ಇಂದಿಗೂ ಹೀಗೇ ಎರಡು ಪಾಳಯ. ಭಾಷೆ ಅತಿಯಾಯಿತು, ಭಯವೇ ಆಗಲಿಲ್ಲ, ಅಪ್ಪನ ಉಪನ್ಯಾಸ ಮುಗಿಯುವುದೇ ಇಲ್ಲ ಎನ್ನುವವರು ಒಂದು ಕಡೆ. ಪ್ರತಿ ಅಕ್ಟೋಬರ್‌ನಲ್ಲಿ ವ್ರತದ ಹಾಗೆ ಮತ್ತೆ ತೆರೆಯುವವರು ಇನ್ನೊಂದು ಕಡೆ. ಸ್ಟೀಫನ್ ಕಿಂಗ್ ಎರಡನೆಯ ಪಾಳಯ. 1981ರ ‘ಡಾನ್ಸ್ ಮಕಾಬ್ರ್’ನಲ್ಲಿ ಇದಕ್ಕೆಂದೇ ಸಾಕಷ್ಟು ಪುಟ ಕೊಟ್ಟಿದ್ದಾನೆ.

ಕಥೆ ಗೊತ್ತಿರುವುದೇ. ಇಲಿನಾಯ್‌ನ ಗ್ರೀನ್ ಟೌನ್‌ಗೆ ನಡುರಾತ್ರಿ ಮೀರಿದ ಮೇಲೆ ರೈಲಿನಲ್ಲಿ ಒಂದು ಕಾರ್ನಿವಲ್ ಬಂದಿಳಿಯುತ್ತದೆ. ಅಲ್ಲಿನ ಕುದುರೆ ತಿರುಗುಣಿ ಮುಂದಕ್ಕೆ ಸುತ್ತಿದರೆ ಕೂತವರಿಗೆ ಸುತ್ತಿಗೊಂದು ವರ್ಷ ಏರುತ್ತದೆ, ಹಿಂದಕ್ಕೆ ಸುತ್ತಿದರೆ ಇಳಿಯುತ್ತದೆ. ಮೈತುಂಬ ಹಚ್ಚೆಯ ಮಿಸ್ಟರ್ ಡಾರ್ಕ್ ಅದರ ಒಡೆಯ. ಎದುರಿಗೆ ವಿಲ್ ಮತ್ತು ಜಿಮ್ ಎಂಬ ಹುಡುಗರು, ಜೊತೆಗೆ ಗ್ರಂಥಾಲಯದ ಕಸ ಗುಡಿಸುವ ಐವತ್ನಾಲ್ಕರ ಅಪ್ಪ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಡುಗರ ಹುಟ್ಟಿದ ಹೊತ್ತು. ವಿಲ್ ಹುಟ್ಟಿದ್ದು ಅಕ್ಟೋಬರ್ 30ರ ಮಧ್ಯರಾತ್ರಿಗೆ ಒಂದು ನಿಮಿಷ ಮುಂಚೆ. ಜಿಮ್ ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ, ಅಂದರೆ 31ಕ್ಕೆ. ಎರಡೇ ನಿಮಿಷದ ಅಂತರದಲ್ಲಿ ಒಬ್ಬ ಸೌಮ್ಯ, ಇನ್ನೊಬ್ಬ ಕತ್ತಲೆಯ ಕಡೆ ವಾಲಿದವ, ಬೇಗ ದೊಡ್ಡವನಾಗಬೇಕೆಂಬ ಹಪಾಹಪಿಯವ. ಇಲ್ಲಿ ಹಸಿರು ಶಾಯಿ, ಅದೂ ಕನ್ನಡದಲ್ಲಿ, ತಕರಾರು ತೆಗೆದಿದೆ: ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಹಾಗಾಗಿ ಇಬ್ಬರದೂ ಒಂದೇ ದಿನದ ಜನನ. ಎರಡು ನಿಮಿಷಕ್ಕೆ ಲಗ್ನವೂ ಸಾಮಾನ್ಯವಾಗಿ ಬದಲಾಗದು. ಜಾತಕ ಬರೆಸಿದ್ದರೆ ಹುಡುಗರು ಅವಳಿಗಳು. ಪುಣ್ಯಾತ್ಮರು ಅಂಚಿನಲ್ಲೊಂದು ಕುಂಡಲಿಯನ್ನೂ ಎಳೆಯಲು ಹೊರಟು, ಜಾಗ ಸಾಲದೆ ಬಿಟ್ಟಿದ್ದಾರೆ. ನಾನು ನಕ್ಕೆನಾದರೂ ತಕರಾರು ತಲೆಯಿಂದ ಹೋಗಲಿಲ್ಲ. ಬ್ರಾಡ್‌ಬರಿಗೆ ಬೇಕಾಗಿದ್ದು ಗಡಿಯಾರದ ಮಧ್ಯರಾತ್ರಿಯೇ. ಹೊಸ್ತಿಲಿನ ಆಚೀಚೆ ನಿಂತ ಹುಡುಗರಲ್ಲಿ ಒಬ್ಬನನ್ನು ಹ್ಯಾಲೊವೀನ್ ಕೂಸಾಗಿಸಲು ಅವನಿಗೆ ಬೇರೆ ದಾರಿಯಿರಲಿಲ್ಲ.

ಏಕೆಂದರೆ ಕಥೆಯಲ್ಲಿ ಹ್ಯಾಲೊವೀನ್ ಬರುವುದೇ ಇಲ್ಲ. ಇದನ್ನು ಹ್ಯಾಲೊವೀನ್ ಕಾದಂಬರಿ ಎಂದು ಪಟ್ಟಿಗೆ ಸೇರಿಸುವವರು ತಾರೀಖು ನೋಡಿದ ಹಾಗಿಲ್ಲ. ಸಿಡಿಲು ತಡೆಯುವ ಸರಳು ಮಾರುವವ ಊರಿಗೆ ಕಾಲಿಡುವುದು 23ಕ್ಕೆ, ಕಾರ್ನಿವಲ್ ಇಳಿಯುವುದು 24ರ ನಸುಕಿನ ಮೂರಕ್ಕೆ. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯುತ್ತದೆ. ಹುಡುಗರಿಗೆ ಹದಿನಾಲ್ಕು ತುಂಬಿದ್ದನ್ನೂ ನಾವು ನೋಡುವುದಿಲ್ಲ. ಆ ವರ್ಷ ಹ್ಯಾಲೊವೀನ್ ಬೇಗ ಬಂತು ಎಂದು ಲೇಖಕ ಶುರುವಿನಲ್ಲೇ ಹೇಳಿ ಕೈತೊಳೆದುಕೊಂಡಿದ್ದಾನೆ. ಪೆನ್ಸಿಲಿನವರಿಗೆ ಇದು ಮೋಸ. ನನಗಿದು ಪುಸ್ತಕದ ಅತಿ ಜಾಣ ನಡೆ. 31ರ ಭಯಕ್ಕೆ ಊರಿನ ಅಪ್ಪಣೆಯಿದೆ. ಮುಖವಾಡ ಹಾಕಿದ ಮಕ್ಕಳು ಮಿಠಾಯಿ ಈಸಿಕೊಂಡು ಮನೆಗೆ ಹೋಗುತ್ತಾರೆ. ಒಂದು ವಾರ ಮುಂಚೆ ಯಾರೂ ಸಿದ್ಧರಿರುವುದಿಲ್ಲ. ಹಬ್ಬವೇ ಬೇಕೆನ್ನುವವರಿಗೆ ಅವನು 1972ರಲ್ಲಿ ‘ದಿ ಹ್ಯಾಲೊವೀನ್ ಟ್ರೀ’ ಎಂದು ಬೇರೆಯೇ ಬರೆದುಕೊಟ್ಟ.

ನಸುಕಿನ ಮೂರು ಗಂಟೆಯ ಬಗ್ಗೆ ಚಾರ್ಲ್ಸ್ ಯೋಚಿಸುವ ಭಾಗವನ್ನು ಪೆನ್ಸಿಲ್ ಮುಟ್ಟದೆ ಹೋಗಿದೆ, ಹಸಿರು ಶಾಯಿ ತೋಯಿಸಿಬಿಟ್ಟಿದೆ. ಆ ಹೊತ್ತಿಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದ ವಯಸ್ಸಿಗೆ ಬಂದವರು ಯಾಕೆ ತೋಯಿಸಿದರೆಂದು ನಾನು ವಿವರಿಸಬೇಕಿಲ್ಲ. ಹದಿಮೂರಕ್ಕೆ ಓದಿದವರು ಜಿಮ್‌ನ ಜೊತೆ ತಿರುಗುಣಿ ಹತ್ತಲು ಓಡುತ್ತಾರೆ, ಐವತ್ತಕ್ಕೆ ಓದಿದವರು ಅಪ್ಪನ ಪಕ್ಕ ಕೂರುತ್ತಾರೆ. ಪೆನ್ಸಿಲಿನವರಿಗೆ ಇಪ್ಪತ್ತೂ ದಾಟಿರಲಿಲ್ಲ ಎಂದು ನಾನು ಪಣ ಕಟ್ಟಬಲ್ಲೆ.

ಹಿನ್ನೆಲೆ ಚಿಕ್ಕದು. ಬ್ರಾಡ್‌ಬರಿ 1920ರಲ್ಲಿ ಇಲಿನಾಯ್‌ನ ವಾಕೀಗನ್‌ನಲ್ಲಿ ಹುಟ್ಟಿದ. ಗ್ರೀನ್ ಟೌನ್ ಅಂದರೆ ಅದೇ ಊರು. ಹನ್ನೆರಡರ ವಯಸ್ಸಿನಲ್ಲಿ ಮಿಸ್ಟರ್ ಎಲೆಕ್ಟ್ರಿಕೊ ಎಂಬ ಕಾರ್ನಿವಲ್ ಜಾದೂಗಾರ ವಿದ್ಯುತ್ ಹರಿಯುವ ಕತ್ತಿ ತಾಗಿಸಿ, ಚಿರಂಜೀವಿಯಾಗು ಎಂದು ಹರಸಿದನಂತೆ. ಬದುಕಿನುದ್ದಕ್ಕೂ ಹೇಳಿ ಹೇಳಿ ಆ ಕಥೆಗೆ ತುಸು ಜಾಸ್ತಿಯೇ ಹೊಳಪು ಬಂದಿದೆ, ನಾನಂತೂ ಅರ್ಧ ನಂಬುತ್ತೇನೆ. 1948ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದ ‘ದಿ ಬ್ಲ್ಯಾಕ್ ಫೆರಿಸ್’ ಕಾದಂಬರಿಯ ಬೀಜ. ಅದನ್ನು ಚಿತ್ರಕಥೆಯಾಗಿ ಬೆಳೆಸಿ ನಟ ಜೀನ್ ಕೆಲ್ಲಿಗೆ ಕೊಟ್ಟ; ಕೆಲ್ಲಿಗೆ ಹಣ ಹುಟ್ಟಲಿಲ್ಲ, ಚಿತ್ರಕಥೆ ಕಾದಂಬರಿಯಾಯಿತು. 1983ರಲ್ಲಿ ಡಿಸ್ನಿಗಾಗಿ ಜ್ಯಾಕ್ ಕ್ಲೇಟನ್ ಅದನ್ನು ಚಿತ್ರ ಮಾಡಿದ. ಸಂಸ್ಥೆ ನಡುವೆ ಕೈಹಾಕಿ, ಜಾರ್ಜ್ ಡೆಲರೂನ ಸಂಗೀತ ತೆಗೆದು ಜೇಮ್ಸ್ ಹಾರ್ನರ್‌ನಿಂದ ಹೊಸದು ಮಾಡಿಸಿತು. ಡಾರ್ಕ್ ಪಾತ್ರದ ಜೊನಾಥನ್ ಪ್ರೈಸ್‌ಗಾಗಿ ಚಿತ್ರವನ್ನು ಒಮ್ಮೆ ನೋಡಬಹುದು.

ಹಸಿರು ಶಾಯಿಯ ಪರವಾಗಿದ್ದರೂ ಒಂದು ಕಡೆ ನಾನು ಪೆನ್ಸಿಲಿನ ಜೊತೆ ಸೇರುತ್ತೇನೆ. ಚಾರ್ಲ್ಸ್ ಗುಂಡಿನ ಮೇಲೆ ಅರ್ಧಚಂದ್ರದಂತೆ ಒಂದು ನಗು ಗೀರಿ ಕಾರ್ನಿವಲ್‌ನ ಮಾಟಗಾತಿಯನ್ನು ಕೊಲ್ಲುತ್ತಾನೆ. ಕೆಡುಕಿಗೆ ನಗುವೇ ಮದ್ದು ಎಂಬುದು ಲೇಖಕನ ಸಿದ್ಧಾಂತ. ಮನುಷ್ಯರ ಸಂಕಟವೇ ಕಾರ್ನಿವಲ್‌ನ ಆಹಾರವೆಂದು ಗ್ರಂಥಾಲಯದಲ್ಲಿ ಅಷ್ಟು ಸೊಗಸಾಗಿ ವಿವರಿಸಿದವ ಇಲ್ಲಿ ಅವಸರಪಟ್ಟ. ಪೆನ್ಸಿಲ್ ಇಲ್ಲಿ ಬರೆದಿರುವುದು ಒಂದೇ ಆಶ್ಚರ್ಯಸೂಚಕ, ಹಸಿರು ಶಾಯಿ ಅದನ್ನು ಕಾಟು ಹೊಡೆದಿಲ್ಲ.

ಇಬ್ಬರೂ ಕೇಳದ ಪ್ರಶ್ನೆ ಇನ್ನೊಂದಿದೆ, ಅದನ್ನೆತ್ತಿದ್ದು ನನ್ನಿಂದ ಪುಸ್ತಕ ಎರವಲು ಪಡೆದ ಗೆಳತಿ. ಈ ಊರಿನಲ್ಲಿ ಹೆಂಗಸರೆಲ್ಲಿ? ತಾಯಂದಿರು ಬಾಗಿಲ ಬಳಿ ಕಂಡು ಮರೆಯಾಗುತ್ತಾರೆ. ಮಾಟಗಾತಿ ಇದ್ದಾಳೆ, ಮೇಷ್ಟ್ರಮ್ಮ ಮಿಸ್ ಫೋಲಿ ಇದ್ದಾಳೆ. ಯೌವನ ಬಯಸಿದ ಫೋಲಿ ಪುಟ್ಟ ಹುಡುಗಿಯಾಗಿಬಿಡುತ್ತಾಳೆ. ಮೈ ಮಾತ್ರ ಚಿಕ್ಕದು, ಒಳಗಿನ ವಯಸ್ಸು ಹಾಗೇ ಇದೆ, ಹೇಳಿದರೆ ನಂಬುವವರಿಲ್ಲ. ಇಡೀ ಪುಸ್ತಕದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಅಲ್ಲೇ. ಅಪ್ಪನಿಗೆ ಗ್ರಂಥಾಲಯದಲ್ಲಿ ಅಷ್ಟೊಂದು ಪುಟ ಕೊಟ್ಟ ಬ್ರಾಡ್‌ಬರಿ ಅವಳಿಗೆ ಒಂದು ಅಧ್ಯಾಯವನ್ನಾದರೂ ಕೊಡಬಹುದಿತ್ತು. ಅವಳ ಗತಿ ಏನಾಯಿತೆಂದು ಕಾದಂಬರಿ ನೇರವಾಗಿ ಹೇಳುವುದೂ ಇಲ್ಲ. ಗೆಳತಿ ಪುಸ್ತಕ ಹಿಂದಿರುಗಿಸಿಲ್ಲ, ಅಂಚಿನಲ್ಲಿ ಜಾಗ ಹುಡುಕುತ್ತಿದ್ದಾಳಂತೆ.