ಜ್ಞಾನವೆಂಬ ಶಬ್ದದ ತೂಕ

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಮಗು ಶಾಲೆಯ ಮೆಟ್ಟಿಲು ಹತ್ತುವುದಕ್ಕೆ ಬಹು ಮೊದಲೇ ‘ಜ್ಞಾನ’ ಎಂಬ ಶಬ್ದವು ಅದರ ಬಾಳನ್ನು ಪ್ರವೇಶಿಸುತ್ತದೆ. ತಲೆಯ ಮೇಲೆ ನೀರೆರೆಯುವ ಮೊದಲ ಸಂಸ್ಕಾರವನ್ನು ನಾವು ‘ಜ್ಞಾನಸ್ನಾನ’ವೆಂದೇ ಕರೆಯುತ್ತೇವೆ. ಒಂದಕ್ಷರವನ್ನೂ ಅರಿಯದ ಕೂಸಿಗೆ ಇದೆಂತಹ ಜ್ಞಾನ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿನಾಡಿನಲ್ಲಿ ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುತ್ತವೆ. ‘ಮಾಹಿತಿ’ ಎಂಬುದು ಎರಡೂ ನುಡಿಗಳಲ್ಲಿರುವ ಶಬ್ದ. ಸಂತೆಯ ದರ, ಬಸ್ಸಿನ ವೇಳೆ ಇವೆಲ್ಲ ಮಾಹಿತಿ. ಅದನ್ನು ಒಬ್ಬರಿಂದ ಕೇಳಿ ಮತ್ತೊಬ್ಬರಿಗೆ ದಾಟಿಸಬಹುದು. ಜ್ಞಾನವಾದರೋ ಪಡೆದವನನ್ನೇ ಮಾರ್ಪಡಿಸಬೇಕು.

ಈ ವಿವೇಚನೆ ಇಲ್ಲಿನ ಮಣ್ಣಿಗೆ ಹೊಸದಲ್ಲ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕುಂದಕುಂದಾಚಾರ್ಯರ ಪ್ರಾಕೃತ ಗ್ರಂಥ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆ ಗ್ರಂಥವು ಮೊದಲು ಜ್ಞಾನವನ್ನು, ಬಳಿಕ ಜ್ಞೇಯವನ್ನು, ಅಂದರೆ ಅರಿಯಬೇಕಾದ ವಸ್ತುವನ್ನು ವಿಚಾರಿಸಿ, ಕೊನೆಗೆ ನಡತೆಗೆ ಬಂದು ನಿಲ್ಲುತ್ತದೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ನಡೆದ ಶರಣಮಾರ್ಗದಲ್ಲಿಯೂ ಅರಿವು ಆಚಾರಗಳು ಒಂದನ್ನೊಂದು ಅಗಲಿರಲಾರವು.

ಹಾಗೆಂದು ಎಲ್ಲ ಮತಗಳಲ್ಲಿ ಈ ಶಬ್ದಕ್ಕೆ ಒಂದೇ ಅರ್ಥವೆಂದು ಭಾವಿಸಲಾಗದು. ಜೈನರಿಗೆ ಜ್ಞಾನವು ಆತ್ಮದ ಸಹಜ ಗುಣ. ಕರ್ಮದ ಆವರಣ ಕಳಚಿದರೆ ಅದು ಪೂರ್ಣವಾಗಿ ಬೆಳಗುತ್ತದೆ. ನಮಗೆ ಅದು ದೇವರು ಕರುಣಿಸುವ ವರ. ‘ಬ್ಯಾಪ್ಟಿಸಂ’ ಎಂಬುದರ ಮೂಲವಾದ ಗ್ರೀಕ್ ಶಬ್ದಕ್ಕೆ ಮುಳುಗಿಸುವುದೆಂದಷ್ಟೇ ಅರ್ಥ. ಆದರೆ ಎರಡನೆಯ ಶತಮಾನದಲ್ಲಿಯೇ ರಕ್ತಸಾಕ್ಷಿ ಸಂತ ಜಸ್ಟಿನರು ಈ ಸ್ನಾನಕ್ಕೆ ‘ಬೆಳಕು ಪಡೆಯುವುದು’ ಎಂಬ ಹೆಸರಿದೆಯೆಂದು ಬರೆದರು. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟ್ ದೆ ನೊಬಿಲಿಯವರು ತಮ್ಮ ತಮಿಳು ಧರ್ಮಗ್ರಂಥಕ್ಕೆ ‘ಜ್ಞಾನೋಪದೇಶ’ವೆಂದೇ ಹೆಸರಿಟ್ಟರು. ಅಲ್ಲಿ ಜ್ಞಾನವೆಂದರೆ ಪಾಂಡಿತ್ಯವಲ್ಲ, ಆತ್ಮಕ್ಕೆ ಸಂಬಂಧಿಸಿದ್ದು.

ಆದುದರಿಂದ ಕೂಸಿಗೆ ದೊರೆಯುವುದು ಪಾಠವಲ್ಲ, ಬೆಳಕು. ಅದನ್ನು ಕಾಯುವ ಹೊಣೆಯನ್ನು ಹೆತ್ತವರು ಬಲಿಪೀಠದೆದುರು ಒಪ್ಪಿಕೊಂಡಿರುತ್ತಾರೆ. ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸಿದಾಗ ನಾವು ಹಿಗ್ಗುತ್ತೇವೆ, ಹಿಗ್ಗಲೂ ಬೇಕು. ಆದರೆ ದಶಾಜ್ಞೆಗಳನ್ನು ಕಂಠಪಾಠ ಮಾಡಿದ ಮಗು ಮನೆಯಲ್ಲಿ ಸುಳ್ಳನ್ನೂ ನೆರೆಯವರ ನಿಂದೆಯನ್ನೂ ದಿನವೂ ಕೇಳುತ್ತಿದ್ದರೆ ಅದಕ್ಕೆ ದಕ್ಕುವುದು ಮಾಹಿತಿ ಮಾತ್ರ. ಕೂಸಿನ ಹಣೆಗೆ ನೀರಿನೊಡನೆ ಇಳಿದ ಆ ದೊಡ್ಡ ಶಬ್ದಕ್ಕೆ ಅರ್ಥ ತುಂಬುವ ಕೆಲಸ ನಮ್ಮ ಮನೆಗಳಲ್ಲಿಯೇ ನಡೆಯಬೇಕಾಗಿದೆ.